ತಾಲೂಕು ಕಚೇರಿ ಸುಧಾರಣೆ: ಕೌಂಟರ್ ಬದಲಾಯ್ತು, ಒಳಗಿನ ಟೇಬಲ್ ಬದಲಾಗೋದು ಯಾವಾಗ?

ಹೊಲಮನೆ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಮ್ದು ಹಳೇ ಮೈಸೂರು ಕಡೆ ಒಂದು ತಾಲೂಕು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಹೇಗೋ ಆಯ್ತು. ಈಗ ಅಣ್ಣತಮ್ಮಂದಿರು ಭಾಗ ಮಾಡ್ಕೋಬೇಕು ಅಂದ್ರೆ ಪೋಡಿ (ಜಮೀನು ಅಳೆದು ಭಾಗ ಬೇರೆ ಮಾಡೋದು) ಆಗ್ಬೇಕು, ಪೋಡಿ ಆಗ್ಬೇಕು ಅಂದ್ರೆ ಪಹಣಿ (ಜಮೀನಿನ ಹಕ್ಕು ದಾಖಲೆ) ಕಾಲಂ 3ರಲ್ಲಿರೋ ವಿಸ್ತೀರ್ಣಕ್ಕೂ ಕಾಲಂ 9ರಲ್ಲಿ ಹೆಸರಿನ ಮುಂದಿರೋ ವಿಸ್ತೀರ್ಣಕ್ಕೂ ತಾಳೆ ಆಗ್ಬೇಕು. ನಮ್ಮದರಲ್ಲಿ ನಾಲ್ಕು ಗುಂಟೆ ಹೆಚ್ಚುಕಮ್ಮಿ. ತಿದ್ದುಪಡಿಗೆ ಅರ್ಜಿ ಹಾಕಿದ್ವಿ. ಮೊದಲು ವಂಶವೃಕ್ಷ ಹೊಸದು ಬೇಕು ಅಂದ್ರು, ತಂದುಕೊಟ್ವಿ. ಆಮೇಲೆ ಹಳೇ ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲು ಅಂದ್ರು, ಅದನ್ನೂ ಕೊಟ್ವಿ. ಅದಾದ ಮೇಲೆ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿರೋ ಆಕಾರ್‌ಬಂದ್. ಅಷ್ಟೊತ್ತಿಗೆ ಕೇಸ್ ವರ್ಕರ್‌ಗೆ ವರ್ಗ ಆಯ್ತು, ಹೊಸಬರು ಬಂದು ಫೈಲ್ ಮೊದಲಿಂದ ನೋಡಿ ತಿರಸ್ಕಾರ ಮಾಡಿದ್ರು. ಕಾರಣ ಅಂತ ಇರೋದು ಎರಡೇ ಪದ, "ದಾಖಲೆ ಅಪೂರ್ಣ". ಯಾವ ದಾಖಲೆ ಅಂತ ಎಲ್ಲೂ ಬರೆದಿಲ್ಲ.

ಪಹಣಿ ಕಂಪ್ಯೂಟರಿಗೆ ಹಾಕಿದ ಭೂಮಿ ಬಂತು, ಗಡುವಿನೊಳಗೆ ಸೇವೆ ಕೊಡ್ಬೇಕು ಅನ್ನೋ ಸಕಾಲ ಬಂತು, ಹಳ್ಳೀಲೇ ಅರ್ಜಿ ಹಾಕೋ ಗ್ರಾಮ ಒನ್ ಬಂತು, ಫೈಲ್ ಕಂಪ್ಯೂಟರಲ್ಲೇ ಓಡಾಡೋ ಇ-ಆಫೀಸ್ ಬಂತು. ಇವ್ಯಾವೂ ಸುಳ್ಳಲ್ಲ, ಪಹಣಿ ಈಗ ಮನೇಲೇ ತೆಗೀಬಹುದು, ಅದಕ್ಕೆ ನಾನು ಋಣಿ. ಆದ್ರೆ ಒಬ್ಬರು ಕೂತು ಓದಿ ತೀರ್ಮಾನ ಮಾಡ್ಬೇಕಾದ ಕೆಲಸ ಬಂದ ತಕ್ಷಣ ಎಲ್ಲಾ ನಿಂತುಹೋಗುತ್ತೆ. ನಿಮಗೆ ಒಂದೇ ಒಂದು ಬದಲಾವಣೆ ಮಾಡೋ ಅವಕಾಶ ಸಿಕ್ರೆ ಏನು ಮಾಡ್ತೀರಾ? ಲಂಚ ನಿಲ್ಲಿಸ್ಬೇಕು ಅಂತ ಒಂದು ಲೈನ್ ಬರೀಬೇಡಿ ದಯವಿಟ್ಟು, ಹೇಗೆ ಅಂತ ಬರೀರಿ.

ರಾಜ್ 1985
ಲಂಚ ನಿಲ್ಲಿಸಿದ್ರೆ ಎಲ್ಲಾ ಸರಿ ಹೋಗುತ್ತೆ ಬ್ರೋ.

ಕಾವೇರಿ ತೀರ
ಪೋಸ್ಟ್ ಕೊನೇ ಸಾಲು ಓದಿ ಗುರು.

ಬಯಲುಸೀಮೆ ವಿಎ
ನಾನು ಗ್ರಾಮ ಆಡಳಿತ ಅಧಿಕಾರಿ, ಬೇರೆ ಜಿಲ್ಲೆ. ನಿಮ್ಮ ಸಿಟ್ಟು ಅರ್ಥ ಆಗುತ್ತೆ ಸಾರ್, ಆದ್ರೆ ಟೇಬಲ್ ಆ ಕಡೆ ಕೂತವರ ಕಥೇನೂ ಒಂಚೂರು ಕೇಳಿ.

ನನಗೆ ಒಂದು ವೃತ್ತ ಅಂತ ಆದೇಶ, ಪಕ್ಕದ ವೃತ್ತ ಪ್ರಭಾರ. ಬೆಳಿಗ್ಗೆ ಪಹಣಿಗೆ ಆಧಾರ್ ಸೀಡಿಂಗ್ (ಜೋಡಣೆ) ಎಷ್ಟಾಯ್ತು ಅಂತ ಗ್ರೂಪಲ್ಲಿ ಮೆಸೇಜ್, ಮಧ್ಯಾಹ್ನ ಲ್ಯಾಂಡ್ ಬೀಟ್ (ಸರ್ಕಾರಿ ಜಮೀನು ಸ್ಥಳಕ್ಕೆ ಹೋಗಿ ನೋಡೋದು) ಎಷ್ಟಾಯ್ತು ಅಂತ, ಸಂಜೆ ಬಗರ್ ಹುಕುಂ (ಸರ್ಕಾರಿ ಜಮೀನು ಸಾಗುವಳಿ ಸಕ್ರಮ) ಆ್ಯಪ್ ಪೆಂಡಿಂಗ್ ಯಾಕೆ ಅಂತ ವಿಡಿಯೋ ಕಾನ್ಫರೆನ್ಸ್. ಈಗ ಪೌತಿ ಆಂದೋಲನ ಬೇರೆ. ಮಧ್ಯೆ ಮಳೆ ಜಾಸ್ತಿ ಆದ್ರೆ ಬೆಳೆ ಹಾನಿ, ಮನೆ ಹಾನಿ ಎಂಟ್ರಿ, ಎಲೆಕ್ಷನ್ ಬಂದ್ರೆ ಅದರ ಕೆಲಸ. 2024ರಲ್ಲಿ ನಾವು ರಾಜ್ಯಾದ್ಯಂತ ಮುಷ್ಕರ ಕೂತಿದ್ದು ಬರೀ ಸಂಬಳಕ್ಕಲ್ಲ. ಆ್ಯಪ್ ಮೇಲೆ ಆ್ಯಪ್ ಕೊಡ್ತೀರಾ, ಕೂರೋಕೆ ಒಂದು ರೂಮು, ಒಂದು ಕಂಪ್ಯೂಟರ್ ಕೊಡಿ ಅನ್ನೋದೂ ಅದರಲ್ಲಿ ದೊಡ್ಡ ಬೇಡಿಕೆ. ನಾನು ಕೂರೋದು ಪಂಚಾಯ್ತಿ ಆಫೀಸಿನ ಒಂದು ಮೂಲೇಲಿ, ಅವರ ಮೀಟಿಂಗ್ ಇದ್ರೆ ಎದ್ದು ಹೊರಗೆ ಬರ್ಬೇಕು.

ನಿಮ್ಮ ತಿದ್ದುಪಡಿ ಫೈಲಿಗೆ ವರದಿ ಬರಿಯೋಕೆ ಸ್ಥಳಕ್ಕೆ ಹೋಗ್ಬೇಕು, ಅಕ್ಕಪಕ್ಕದವರನ್ನ ಕೇಳ್ಬೇಕು, ಮಹಜರು ಮಾಡ್ಬೇಕು. ಅರ್ಧ ದಿನದ ಕೆಲಸ. ಆ ಅರ್ಧ ದಿನ ಯಾವ ಡ್ಯಾಶ್‌ಬೋರ್ಡಲ್ಲೂ ಕಾಣಲ್ಲ. ಕಾಣೋ ಕೆಲಸ ಮುಂದೆ ಹೋಗುತ್ತೆ, ಕಾಣದ ಕೆಲಸ ಹಿಂದೆ ಉಳಿಯುತ್ತೆ.

ಕಾವೇರಿ ತೀರ
ಇದು ನಿಜ. ರಾಜ್ಯದಲ್ಲಿ ಮಂಜೂರಾದ ಹುದ್ದೇಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ಮಾಡ್ತು, ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಜನ ಇದಾರೆ, ಹುದ್ದೆ ಇದೆ, ತುಂಬಲ್ಲ ಅಷ್ಟೆ. ನನ್ನ ಒಂದು ಬದಲಾವಣೆ: ಮೊದಲು ಖಾಲಿ ಹುದ್ದೆ ತುಂಬಿ.

ಪೇಡಾ ನಗರಿ
ಹುದ್ದೆ ತುಂಬೂದು ಬ್ಯಾರೆ, ಕೆಲಸ ಆಗೂದು ಬ್ಯಾರೆ ರೀ. ಸಕಾಲ ಯೋಜನೆ ಮೊದ್ಲ ಪ್ರಯೋಗ ಅಂತ ಸುರು ಆಗಿದ್ದ ನಮ್ಮ ಧಾರವಾಡದಾಗ, 2012ರ ಮಾರ್ಚ್ ಒಂದಕ್ಕ. ಔರಾದ, ಚಿತ್ರದುರ್ಗ, ಪುತ್ತೂರು, ಧಾರವಾಡ, ನಾಕ ತಾಲೂಕು. ಮುಂದಿನ ತಿಂಗಳ ಎರಡನೇ ತಾರೀಖಿಗೆ ಇಡೀ ರಾಜ್ಯಕ್ಕ ಬಂತು, 11 ಇಲಾಖೆ, 151 ಸೇವೆ. ಆವಾಗೂ ಇವ್ರ ಮಂದಿ, ಇವ ಟೇಬಲ್ಲು. ಆದ್ರೂ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಹೇಳಿದ ದಿನಕ್ಕ ಕೈಗೆ ಬರಾಕತ್ತಿದ್ವು. ನಮ್ಮ ಕಾಕಾ ಆ ರಸೀದಿ ಹಿಡ್ಕೊಂಡು ಓಣಿ ತುಂಬ ತೋರಿಸ್ಯಾಡಿದ್ದ, ಅದರ ಮ್ಯಾಲ ನಂಬರ್ ಐತಿ, ದಿನ ಐತಿ ಅಂತ. ಮ್ಯಾಲಿನವರು ದಿನಾ ನೋಡ್ತಿದ್ರು, ಕೇಳ್ತಿದ್ರು. ಆಮ್ಯಾಲ ನೋಡೂದು ಕಮ್ಮಿ ಆತು, ಕೆಲಸಾನೂ ಹಿಂದ ಬಿತ್ತು.

ಕಡಲ ಕರೆ
ಹೌದು ಮಾರಾಯ್ರೆ, ಪುತ್ತೂರಿನಲ್ಲಿಯೂ ಹಾಗೆಯೇ. ಆದರೆ ಒಂದು ಹೇಳ್ತೇನೆ. ಸಕಾಲದಲ್ಲಿ ತಡ ಆದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದನ್ನು ಅಧಿಕಾರಿಯ ಸಂಬಳದಿಂದ ಹಿಡಿಯಬೇಕು ಅಂತ ಕಾನೂನೇ ಇದೆ. ನಮ್ಮ ಊರಲ್ಲಿ ಅದನ್ನು ಕೇಳಿದವರು ಯಾರಾದರೂ ಇದ್ದಾರಾ? ನನಗೆ ಗೊತ್ತಿರುವವರಲ್ಲಿ ಯಾರೂ ಇಲ್ಲ. ನಾಳೆ ಇನ್ನೊಂದು ಕೆಲಸಕ್ಕೆ ಅದೇ ಟೇಬಲ್ ಹತ್ತಿರ ಹೋಗಬೇಕಲ್ಲ, ಅವರ ಸಂಬಳಕ್ಕೆ ಕೈ ಹಾಕಿ ಮತ್ತೆ ಹೋಗುವುದು ಹೇಗೆ ಅಂತ ಹೆದರಿಕೆ.

ಪೇಡಾ ನಗರಿ
ಅದ ಮತ್ತ. ತಪ್ಪು ಯಾರದು ಅಂತ ಕಂಪ್ಯೂಟರಿಗೆ ಗೊತ್ತೈತಿ, ಅದ ಹಿಡೀಬೇಕು, ಜನ ಯಾಕ ಅರ್ಜಿ ಹಾಕಬೇಕು? ತಡ ಆದ ಮರುದಿನ ತಾನ ಖಾತೆಗೆ ಜಮಾ ಆಗ್ಲಿ.

ಗ್ರಾಮ ಒನ್ ಅಕ್ಕ
ನಾನು ಗ್ರಾಮ ಒನ್ ನಡೆಸ್ತೀನಿ. ದಂಡದ ಬಗ್ಗೆ ಮಾತಾಡೋರು ಇನ್ನೊಂದು ವಿಷಯ ಗಮನಿಸಿ. ದಂಡ ತಪ್ಪಿಸ್ಕೊಳ್ಳೋಕೆ ಸುಲಭದ ದಾರಿ ಅಂದ್ರೆ ತಿರಸ್ಕಾರ. ಗಡುವು ಮುಗಿಯೋ ಹಿಂದಿನ ದಿನ, ಇಲ್ಲಾ ಅದೇ ದಿನ ಸಂಜೆ ಅರ್ಜಿ ರಿಜೆಕ್ಟ್. ಲೆಕ್ಕದಲ್ಲಿ ಆ ಅರ್ಜಿ ಸಕಾಲದಲ್ಲಿ ವಿಲೇವಾರಿ ಆಯ್ತು ಅಂತಾನೇ ಬರುತ್ತೆ. ಜನ ನನ್ನ ಹತ್ರ ಬಂದು ಅಕ್ಕಾ ಇನ್ನೊಂದು ಸಲ ಹಾಕು ಅಂತಾರೆ, ನಾನು ಮತ್ತೆ ಅದೇ ದಾಖಲೆ ಸ್ಕ್ಯಾನ್ ಮಾಡಿ ಹಾಕ್ತೀನಿ, ಅವರು ಮತ್ತೆ ಶುಲ್ಕ ಕಟ್ತಾರೆ. ಮೊನ್ನೆ ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ (ವಯಸ್ಸಾದವರ ಪಿಂಚಣಿ) ಅರ್ಜಿ. "ಪರಿಶೀಲಿಸಿ ತಿರಸ್ಕರಿಸಿದೆ" ಅಷ್ಟೇ ಇತ್ತು. ಏನು ಪರಿಶೀಲಿಸಿದ್ರು, ಏನು ಸಿಕ್ತು, ಒಂದೂ ಇಲ್ಲ. ವಯಸ್ಸಿನ ದಾಖಲೆ ಸಾಲದಾ, ಆದಾಯ ಜಾಸ್ತಿ ಇದೆಯಾ, ನಾನು ಏನಂತ ಹೇಳಲಿ ಆ ಅಜ್ಜಿಗೆ? ಸೆರಗಿನ ತುದೀಲಿ ಗಂಟು ಕಟ್ಟಿದ್ದ ದುಡ್ಡು ಬಿಚ್ಚಿ ಮತ್ತೆ ಹಾಕು ಅಂದ್ರು. ನನಗೆ ತೊಗೊಳ್ಳೋಕೆ ಮನಸ್ಸಾಗ್ಲಿಲ್ಲ.

ಹೊಲಮನೆ
ಅಕ್ಕ, ನಮ್ಮ ಫೈಲಿಗೂ ಆಗಿದ್ದು ಇದೇ.

ಕೋಡ್ ಕನ್ನಡಿಗ
ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಇದಕ್ಕೆ ಟೆಕ್ನಿಕಲ್ ಪರಿಹಾರ ಸಿಂಪಲ್ ಇದೆ. ಫಸ್ಟ್ ಕಮ್ ಫಸ್ಟ್ ಸರ್ವ್ ಅಂತ ಸಿಸ್ಟಮ್ಮೇ ಲಾಕ್ ಮಾಡ್ಬೇಕು, ಮೊದಲ ಫೈಲ್ ಮುಗಿಸದೆ ಎರಡನೇದು ಓಪನ್ ಆಗ್ಬಾರ್ದು. ಜೊತೆಗೆ ಎಐ ಹಾಕಿದ್ರೆ ದಾಖಲೆ ಪರಿಶೀಲನೆ ನಿಮಿಷದಲ್ಲಿ ಮುಗಿಯುತ್ತೆ. ಯಾಕೆ ಮಾಡಲ್ಲ ಅಂತ ಗೊತ್ತಿಲ್ಲ.

ಹಳೇ ಶಿರಸ್ತೇದಾರ್
ತಮ್ಮಾ, ಅದನ್ನ 2000ದ ಸುಮಾರಿಗೇ ಮಾಡಿದ್ದರು. ನಾನು ಆಗ ಸರ್ವಿಸ್‌ನಲ್ಲಿದ್ದೆ. ಭೂಮಿ ಯೋಜನೆಯಲ್ಲಿ ಮ್ಯುಟೇಷನ್ ಅರ್ಜಿಗೆ ಸರತಿ ಕಟ್ಟುನಿಟ್ಟು, ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು, ಯಾರು ಯಾವಾಗ ಏನು ಒತ್ತಿದರು ಅಂತ ದಾಖಲಾಗುತ್ತಿತ್ತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು, ಎಲ್ಲ ಕಂಪ್ಯೂಟರಿಗೆ ಹೋಯಿತು. ಆಮೇಲೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂತ ಆದೇಶ. ಸುಧಾರಣೆ ಗಟ್ಟಿಯಾಗಿ ನಿಂತದ್ದು ಆ ಆದೇಶದಿಂದ. ಹಳೆಯ ದಾರಿ ತೆರೆದಿಟ್ಟು ಹೊಸ ದಾರಿ ಮಾಡಿದರೆ ಎಲ್ಲರೂ ಹಳೆಯದರಲ್ಲೇ ನಡೆಯುತ್ತಾರೆ, ಹಳೆಯದನ್ನು ಮುಚ್ಚಿದ್ದೇ ಭೂಮಿ ಯೋಜನೆಯ ಜಾಣತನ. ಅದಕ್ಕೂ ಮೊದಲು ಪಹಣಿಯಲ್ಲಿ ಇಬ್ಬರ ಹೆಸರಿನ ನಡುವೆ ಜಾಗ ಬಿಟ್ಟು ಆಮೇಲೆ ಮೂರನೆಯ ಹೆಸರು ತೂರಿಸಿದ್ದನ್ನ ಕಣ್ಣಾರೆ ಕಂಡಿದ್ದೇನೆ. ಶಾಯಿ ಬಣ್ಣ ಬೇರೆ, ಅಕ್ಷರ ಚಿಕ್ಕದು, ಕೇಳುವವರು ಯಾರು?

ಸರತಿಯನ್ನು ತಪ್ಪಿಸುವ ಉಪಾಯವೂ ಹೇಳುತ್ತೇನೆ ಕೇಳು. ಬೇಡದ ಫೈಲಿಗೆ ಒಂದು ಆಕ್ಷೇಪಣೆ ಹಾಕು, ಅದು ಪಕ್ಕಕ್ಕೆ ಸರಿಯುತ್ತದೆ, ಮುಂದಿನದು ತೆರೆಯುತ್ತದೆ. ಆ ದಾಖಲೆ ತಂದರೆ ಇನ್ನೊಂದು ಆಕ್ಷೇಪಣೆ. ಯಂತ್ರ ಇಲ್ಲಿ ಏನೂ ಮಾಡಲಾಗದು, ಏಕೆಂದರೆ ಆಕ್ಷೇಪಣೆ ಹಾಕುವ ಅಧಿಕಾರ ಮನುಷ್ಯನದು, ಇರಲೂ ಬೇಕು.

ಕೋಡ್ ಕನ್ನಡಿಗ
ಸರಿ ಸರ್, ಆದ್ರೆ ಎಐ ಬಗ್ಗೆ ಏನೂ ಹೇಳ್ಲಿಲ್ಲ.

ಲಿಂಕು ಚೈನು
ಲೈಸೆನ್ಸ್ಡ್ ಸರ್ವೇಯರ್ ನಾನು. ಎಐ ಓದೋಕೆ ಮೊದಲು ಕಾಗದ ಇರ್ಬೇಕಲ್ಲ ಸ್ವಾಮಿ. ಪೋಡಿಗೆ ಮೂಲ ಟಿಪ್ಪಣಿ, ಅಂದ್ರೆ ಹಳೇ ಅಳತೆಯ ಸರ್ವೆ ಹಾಳೆ ಬೇಕು. ಟಿಪ್ಪಣಿ ಹಾಳೆ ನಾಲ್ಕು ಮಡಿಕೆ ಮಾಡಿ ಕಟ್ಟಿ ಇಟ್ಟಿರ್ತಾರೆ, ಎಷ್ಟೋ ವರ್ಷ ಬಿಚ್ಚಿ ಮಡಚಿ ಬಿಚ್ಚಿ ಮಡಚಿ ಆ ಮಡಿಕೆ ಗೆರೆ ಪೂರ್ತಿ ಸವೆದು ಉದುರಿರುತ್ತೆ. ಅಳತೆಯ ಅಂಕಿ ಆ ಗೆರೆ ಮೇಲೇ ಇದ್ರೆ ಮುಗೀತು, 7 ಇದೆಯೋ 1 ಇದೆಯೋ ಭೂತಗನ್ನಡಿ ಹಿಡಿದ್ರೂ ಗೊತ್ತಾಗಲ್ಲ. ಈಗ ಉಪಗ್ರಹ ಸಿಗ್ನಲ್ ಹಿಡಿದು ಅಳೆಯೋ ರೋವರ್ ಬಂದಿದೆ, ಚೈನ್ ಎಳೆಯೋ ಕಷ್ಟ ಕಮ್ಮಿ, ಹೊಲ ಅಳೆಯೋದು ಬೇಗ ಆಗುತ್ತೆ. ತಡ ಆಗೋದು ರೆಕಾರ್ಡ್ ರೂಮಿಂದ ದಾಖಲೆ ಬರೋದು. ಅಲ್ಲಿ ನೋಡ್ಕೊಳ್ಳೋಕೆ ಇರೋದು ಒಬ್ರು, ಅವರು ರಜೆ ಹಾಕಿದ್ರೆ ಬೀಗ.

ಭೂಸುರಕ್ಷಾ ಅಂತ ಈಗ ತಾಲೂಕು ಕಚೇರಿ ರೆಕಾರ್ಡ್ ರೂಮ್ ಪೂರ್ತಿ ಸ್ಕ್ಯಾನ್ ಮಾಡ್ತಿದಾರೆ, ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ಆದ ಅತಿ ಮುಖ್ಯ ಕೆಲಸ ಅದು. ಜಾಹೀರಾತಿಲ್ಲ, ಉದ್ಘಾಟನೆ ಗದ್ದಲ ಇಲ್ಲ, ಆದ್ರೆ ನಾಳೆ ಫೈಲ್ ಕಳೆದುಹೋಗಿದೆ ಅಂತ ಹೇಳೋ ಹಾಗಿಲ್ಲ. ದರಖಾಸ್ತು (ಸರ್ಕಾರ ಮಂಜೂರು ಮಾಡಿದ) ಜಮೀನಿನವರಿಗೆ ಕೇಳಿ ನೋಡಿ, ಮಂಜೂರಾತಿ ಫೈಲ್ ಸಿಗ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಎರಡು ತಲೆಮಾರಿಂದ ಪೋಡಿ ಆಗ್ದೆ ಕೂತಿರೋರು ಎಷ್ಟು ಜನ ಅಂತ.

ಬಯಲುಸೀಮೆ ವಿಎ
ಸರ್ವೇಯರ್ ಸಾರ್ ಹೇಳಿದ್ದು ನೂರಕ್ಕೆ ನೂರು.

ಮಲೆನಾಡ ಮಳೆ
ಎಲ್ಲಾ ಸರಿ, ಆದ್ರೆ ಒಬ್ರೂ ವರ್ಗಾವಣೆ ಬಗ್ಗೆ ಮಾತಾಡ್ಲಿಲ್ಲ. ಮೂಲ ಇರೋದೇ ಅಲ್ಲಿ. ತಹಶೀಲ್ದಾರ್ ಬಂದು ತಾಲೂಕಿನ ಹೋಬಳಿ ಹೆಸರು ಕಲಿಯೋಷ್ಟರಲ್ಲಿ ಎತ್ತಂಗಡಿ. ಶಾಸಕರ ಪತ್ರ ಇಲ್ದೆ ಯಾರೂ ಬರಲ್ಲ, ಪತ್ರದಿಂದ ಬಂದವರು ಪತ್ರ ಕೊಟ್ಟವರ ಮಾತು ಕೇಳ್ಲೇಬೇಕು. ಐಎಎಸ್ ಅಧಿಕಾರಿಗಳಿಗೆ ಕನಿಷ್ಠ ಅವಧಿ ಇರ್ಬೇಕು, ಬಾಯ್ಮಾತಿನ ಆದೇಶಕ್ಕೆ ಕುಣೀಬಾರ್ದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಟಿ.ಎಸ್.ಆರ್. ಸುಬ್ರಮಣಿಯನ್ ಕೇಸಲ್ಲಿ ಹೇಳಿದೆ. ತಾಲೂಕು ಮಟ್ಟಕ್ಕೆ ಅದು ಇಳಿದಿದ್ದು ನಾನಂತೂ ನೋಡಿಲ್ಲ.

ಶಿಕ್ಷಕರ ವರ್ಗಾವಣೆ ನೋಡಿ. 2007ರಲ್ಲಿ ಕಾಯ್ದೆ ಮಾಡಿ ಕೌನ್ಸೆಲಿಂಗ್ ತಂದ್ರು. ಪರದೆ ಮೇಲೆ ಖಾಲಿ ಜಾಗ ಕಾಣುತ್ತೆ, ಸೀನಿಯಾರಿಟಿ ಪ್ರಕಾರ ಕರೀತಾರೆ, ಆರಿಸ್ಕೋತಾರೆ. ನಮ್ಮ ಅತ್ತಿಗೆ ಟೀಚರ್, ಯಾರ ಮನೆ ಬಾಗಿಲಿಗೂ ಹೋಗ್ದೆ ಊರ ಹತ್ರ ಬಂದ್ರು. ಅದರಲ್ಲೂ ತಕರಾರು ಇದೆ, ಕೋರ್ಟಿಗೂ ಹೋಗಿದಾರೆ, ಆದ್ರೂ ಮೊದಲಿನ ದರ್ಬಾರಿಗಿಂತ ಎಷ್ಟೋ ವಾಸಿ. ಕಂದಾಯದಲ್ಲೂ ಅದೇ ಕಾನೂನು ತನ್ನಿ.

ಪೇಡಾ ನಗರಿ
ಇದಕ್ಕ ನನ್ನ ವೋಟು.

ಹಳೇ ಶಿರಸ್ತೇದಾರ್
ಕೌನ್ಸೆಲಿಂಗ್ ಒಪ್ಪುತ್ತೇನೆ. ಆದರೆ ಒಂದೇ ಕಡೆ ಬೇರು ಬಿಡುವುದೂ ಅಪಾಯ, ಅದನ್ನು ಮರೆಯಬೇಡಿ. ಶಾನುಭೋಗಿಕೆ ವಂಶಪಾರಂಪರ್ಯವಾಗಿ ಒಂದೇ ಮನೆಯಲ್ಲಿ ಇದ್ದದ್ದಕ್ಕೇ 1961ರ ಕಾಯ್ದೆ ತಂದು ಅದನ್ನು ತೆಗೆದರು. ಊರಿನ ಲೆಕ್ಕವೆಲ್ಲ ಒಬ್ಬರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಅವಧಿಗೆ ಕನಿಷ್ಠವೂ ಇರಲಿ, ಗರಿಷ್ಠವೂ ಇರಲಿ.

ಮಲೆನಾಡ ಮಳೆ
ಮೂರು ವರ್ಷಕ್ಕೂ ವಂಶಪಾರಂಪರ್ಯಕ್ಕೂ ವ್ಯತ್ಯಾಸ ಇದೆಯಲ್ಲ ಸರ್, ನಾನು ಕೇಳ್ತಿರೋದು ಮೂರು ವರ್ಷ.

ರಾಜ್ 1985
ನಾನು ಮತ್ತೆ ಹೇಳ್ತೀನಿ, ಭಯ ಇಲ್ಲ ಅದಕ್ಕೇ ಹೀಗೆ. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ ಸರ್ಕಾರಿ ಆಸ್ಪತ್ರೆ, ಕಚೇರಿ ಒಳಗೆ ನೇರ ನುಗ್ತಿದ್ರು, ಟಿವೀಲಿ ನೋಡಿದೀವಿ. ಆಮೇಲೆ 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಲೋಕಾಯುಕ್ತದ ಹಲ್ಲು ಕಿತ್ರು, 2022ರಲ್ಲಿ ಹೈಕೋರ್ಟ್ ಎಸಿಬಿ ರದ್ದು ಮಾಡೋವರೆಗೂ ಆರು ವರ್ಷ ಹಾಳಾಯ್ತು.

ಕಡಲ ಕರೆ
ಅದು ಬೇಕು, ಇಲ್ಲ ಅಂತ ಯಾರು ಹೇಳಿದ್ದು. ಆದರೆ ದಾಳಿ ಮಾಡಿದ ದಿನ ಸಿಕ್ಕಿದವನು ಸಸ್ಪೆಂಡ್, ಮರುದಿನ ಅದೇ ಕುರ್ಚಿಗೆ ಇನ್ನೊಬ್ಬರು. ಆ ಕುರ್ಚಿಗೆ ಯಾಕೆ ಅಷ್ಟು ಅಧಿಕಾರ, ಫೈಲ್ ಯಾಕೆ ಅಷ್ಟು ದಿನ ಅಲ್ಲಿ ಮಲಗುತ್ತದೆ ಅಂತ ದಾಳಿ ಮಾಡಿದವರು ಕೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ.

ಬಸ್ ಪಾಸ್
ಕಂದಾಯ ಇಲಾಖೇನ ಕೆಎಸ್‌ಆರ್‌ಟಿಸಿ ಥರ ಒಡೆದು ಹಾಕಿದ್ರೆ ಹೇಗೆ? 1997ರಲ್ಲಿ ಬಿಎಂಟಿಸಿ, ವಾಯವ್ಯ ಸಾರಿಗೆ ಬೇರೆ ಮಾಡಿದ್ರು, 2000ದಲ್ಲಿ ಈಶಾನ್ಯ, ಈಗಿನ ಕಲ್ಯಾಣ ಕರ್ನಾಟಕ ಸಾರಿಗೆ. ಬೆಂಗಳೂರಿಗಂತೂ ಅದರಿಂದ ಒಳ್ಳೇದೇ ಆಯ್ತು.

ಪೇಡಾ ನಗರಿ
ಬೆಂಗಳೂರಿಗೆ ಒಳ್ಳೇದಾತು ಅಂತೀರಿ, ನಮ್ಮ ವಾಯವ್ಯದ ನೌಕರರ ಪಿಎಫ್, ಗ್ರಾಚ್ಯುಟಿ ಬಾಕಿ ಕಥಿ ಕೇಳ್ರಿ ಒಮ್ಮೆ. ಆದಾಯ ಬರೂ ರೂಟು ಒಂದ ಕಡೆ, ಹಳ್ಳಿ ರೂಟು ಒಂದ ಕಡೆ ಹೋದ್ವು. ಶಕ್ತಿ ಯೋಜನೆ ಬಂದ ಮ್ಯಾಲ ಬಸ್ಸು ತುಂಬತಾವು, ರೊಕ್ಕ ಸರ್ಕಾರ ಕೊಟ್ಟಾಗ ಬರಬೇಕು. ಒಡಿಯೂದ ಸುಧಾರಣಾ ಅಲ್ಲ.

ಬಸ್ ಪಾಸ್
ಶಕ್ತಿ ಬೈಬೇಡಿ, ನಮ್ಮಮ್ಮ ಅದರಿಂದಾನೇ ಆಸ್ಪತ್ರೆಗೆ ಹೋಗಿ ಬರ್ತಿರೋದು.

ಪೇಡಾ ನಗರಿ
ಬೈದಿಲ್ರೀ. ರೊಕ್ಕ ಟೈಮಿಗೆ ಕೊಡ್ರಿ ಅಂದೆ.

ಕಾವೇರಿ ತೀರ
ಬಸ್ ವಿಷಯ ಬೇರೆ ಥ್ರೆಡ್ ಮಾಡಿ, ಪ್ಲೀಸ್. ಆಯೋಗಗಳು ಏನು ಹೇಳಿವೆ ಯಾರಾದ್ರೂ ಓದಿದೀರಾ? 2001ರಲ್ಲಿ ಹಾರನಹಳ್ಳಿ ರಾಮಸ್ವಾಮಿ ಆಯೋಗ ವರದಿ ಕೊಡ್ತು. 2021ರಲ್ಲಿ ವಿಜಯಭಾಸ್ಕರ್ ಅವರ ಆಡಳಿತ ಸುಧಾರಣಾ ಆಯೋಗ-2 ಮೊದಲ ವರದೀಲೇ ಕಂದಾಯ, ಆಹಾರ, ಸಾರಿಗೆ ಇಲಾಖೆ ಹಿಡ್ಕೊಂಡಿತ್ತು. ಆಮೇಲೆ ಆರ್.ವಿ. ದೇಶಪಾಂಡೆ ಅಧ್ಯಕ್ಷರಾದ್ರು. ಶಿಫಾರಸು ರಾಶಿ ರಾಶಿ ಇದೆ. ಅದರಲ್ಲಿ ಎಷ್ಟು ಜಾರಿ ಆಯ್ತು ಅಂತ ತಾಲೂಕು ಕಚೇರಿ ಗೋಡೆ ಮೇಲೆ ಬರೀಲಿ, ನಾವೂ ನೋಡ್ತೀವಿ.

ಹಳೇ ಶಿರಸ್ತೇದಾರ್
ಹೊಲಮನೆ ಅವರ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ, ಯಾಕೆಂದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಆ ಟೇಬಲ್ಲಿನಲ್ಲೇ ಕೂತಿದ್ದವನು ನಾನು.

ಒಂದೇ ಬದಲಾವಣೆ ಅಂದರೆ ಇದು. ಅರ್ಜಿ ಬಂದು ಏಳು ದಿನದೊಳಗೆ ಏನೇನು ಕೊರತೆ ಇದೆಯೋ ಅಷ್ಟನ್ನೂ ಒಂದೇ ಸಲ ಬರೆದು ಕೊಡಬೇಕು. ಆ ಏಳು ದಿನ ದಾಟಿದ ಮೇಲೆ ಹೊಸ ಆಕ್ಷೇಪಣೆ ಹಾಕಬೇಕಾದರೆ ತಹಶೀಲ್ದಾರರು ತಮ್ಮ ಲಾಗಿನ್‌ನಿಂದ ಕಾರಣ ಬರೆದೇ ಹಾಕಬೇಕು, ಕೆಳಗಿನವರಿಗೆ ಆ ಗುಂಡಿಯೇ ಕಾಣಬಾರದು. ಕೇಸ್ ವರ್ಕರ್ ಬದಲಾದರೂ ಹಳಬರು ಒಪ್ಪಿಕೊಂಡ ದಾಖಲೆಯನ್ನು ಹೊಸಬರು ಮತ್ತೆ ಕೆದಕುವಂತಿಲ್ಲ. ತಿರಸ್ಕಾರ ಮಾಡಿದರೆ ಯಾವ ನಿಯಮ, ಯಾವ ದಾಖಲೆ, ಯಾವ ಪುಟ ಅಂತ ಬರೆಯದೆ ಸಿಸ್ಟಮ್ ಮುಂದೆ ಹೋಗಬಾರದು. ಇದಕ್ಕೆ ಹೊಸ ಆ್ಯಪ್ ಬೇಡ, ಹೊಸ ಕಟ್ಟಡ ಬೇಡ. ಇರುವ ತಂತ್ರಾಂಶದಲ್ಲೇ ಆಗುತ್ತದೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮಲ್ಲಿ ಕಾಸು ಕೇಳುವವರು ಬಾಯಿ ಬಿಟ್ಟು ಕೇಳುವುದು ಕಡಿಮೆ. ಒಂದೊಂದೇ ದಾಖಲೆ ಕೇಳುತ್ತಾ ಹೋಗುತ್ತಾರೆ, ಸೋತ ಮನುಷ್ಯ ತಾನೇ ಕೇಳುತ್ತಾನೆ, ಸ್ವಾಮಿ ಏನಾದರೂ ಮಾಡಿ ಮುಗಿಸಿಕೊಡಿ ಅಂತ. ಕೊರತೆಪಟ್ಟಿ ಒಂದೇ ಸಲ ಅಂತಾದರೆ ಆ ಆಟದ ಅರ್ಧ ಬಲ ಅಲ್ಲೇ ಕುಸಿಯುತ್ತದೆ.

ಬಯಲುಸೀಮೆ ವಿಎ
ಶಿರಸ್ತೇದಾರ್ ಸರ್, ಒಪ್ತೀನಿ, ಒಂದು ಷರತ್ತು. ಏಳು ದಿನ ಅಂತ ಗಡಿಯಾರ ಓಡ್ತಿರುವಾಗ ನನ್ನನ್ನ ಬೇರೆ ಸರ್ವೇಗೆ ಹಾಕ್ಬಾರ್ದು. ಇಲ್ಲಾಂದ್ರೆ ಆರನೇ ದಿನ ರಾತ್ರಿ ಮನೇಲಿ ಕೂತು ಸ್ಥಳಕ್ಕೆ ಹೋಗ್ದೇ ವರದಿ ಬರೀತೀವಿ, ಅದು ಇನ್ನೂ ಕೆಟ್ಟದ್ದು. ಗಡುವು ಕೊಟ್ರೆ ಸಮಯಾನೂ ಕೊಡಿ.

ಗ್ರಾಮ ಒನ್ ಅಕ್ಕ
ಒಂದೇ ಸಲ ಕೊರತೆ ಬರೆದುಕೊಟ್ರೆ ನಾನು ಅರ್ಜಿ ಹಾಕೋವಾಗ್ಲೇ ಜನಕ್ಕೆ ಹೇಳಬಹುದು, ಹಿಂದಿನವರಿಗೆ ಏನು ಕೇಳಿದ್ರು ಅಂತ ಗೊತ್ತಿರುತ್ತಲ್ಲ. ಅರ್ಧ ಅರ್ಜಿ ವಾಪಸ್ ಬರೋದೇ ನಿಲ್ಲುತ್ತೆ.

ಕೋಡ್ ಕನ್ನಡಿಗ
ಇದನ್ನ ಮಾಡೋಕೆ ಸಾಫ್ಟ್‌ವೇರಲ್ಲಿ ಚಿಕ್ಕ ಬದಲಾವಣೆ ಸಾಕು, ಕಾರಣದ ಬಾಕ್ಸ್ ಕಡ್ಡಾಯ, ಡ್ರಾಪ್‌ಡೌನಲ್ಲಿ "ದಾಖಲೆ ಅಪೂರ್ಣ" ತೆಗೆದುಹಾಕೋದು. ನಾನು ಇದನ್ನ ಇ-ಆಡಳಿತ ಇಲಾಖೆಗೆ ಬರೀತೀನಿ, ಯಾರ್ಯಾರು ಸಹಿ ಹಾಕ್ತೀರಾ ಹೇಳಿ. ಶಿರಸ್ತೇದಾರ್ ಸರ್, ಕನ್ನಡದ ಕರಡು ನೀವೇ ನೋಡಿ ತಿದ್ದಬೇಕು.

ಹಳೇ ಶಿರಸ್ತೇದಾರ್
ಕಳಿಸು. ಅದರ ಒಂದು ಪ್ರತಿ ಕಂದಾಯ ಸಚಿವರ ಕಚೇರಿಗೂ ಹೋಗಲಿ, ಜಿಲ್ಲಾಧಿಕಾರಿಗಳಿಗೂ ಹೋಗಲಿ.

ಲಿಂಕು ಚೈನು
ಸರ್ವೇ ಫೈಲಿಗೂ ಸೇರಿಸಿ. 11ಇ ನಕ್ಷೆ (ಜಮೀನಿನ ಭಾಗ ಮಾರೋ, ಹಂಚೋ ಮೊದಲು ಬೇಕಾಗೋ ಅಳತೆ ನಕ್ಷೆ) ನಾವು ಮಾಡಿ ಅಪ್‌ಲೋಡ್ ಮಾಡಿದ್ಮೇಲೆ ಮೂರು ಸಲ ವಾಪಸ್ ಬರುತ್ತೆ, ಪ್ರತಿ ಸಲ ಬೇರೆ ಕಾರಣ.

ಹೊಲಮನೆ
ನಾನೂ ಸಹಿ. ನಮ್ಮ ಊರಿನ ಹತ್ತು ಜನರದ್ದೂ ಹಾಕಿಸ್ತೀನಿ. ಅಂದಹಾಗೆ ತಿರಸ್ಕಾರ ಆದ ಮೇಲೆ ಹೊಸ ಅರ್ಜಿ ಹಾಕೋದೋ, ಮೇಲ್ಮನವಿಯೋ?

ಹಳೇ ಶಿರಸ್ತೇದಾರ್
ಸಕಾಲದಲ್ಲಿ ಬರುವ ಸೇವೆ ಆದರೆ ತಡಕ್ಕೂ ಮೇಲ್ಮನವಿ ಇದೆ, ತಿರಸ್ಕಾರಕ್ಕೂ ಇದೆ. 30 ದಿನದೊಳಗೆ ಸಕ್ಷಮ ಅಧಿಕಾರಿಗೆ. ಅಲ್ಲೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರ. ರಸೀದಿಯಲ್ಲಿ ಅರ್ಜಿಯನ್ನು ಗುರುತಿಸುವ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಅದನ್ನು ಬರೆಯಿರಿ. ಸುಮ್ಮನೆ ಹೊಸ ಅರ್ಜಿ ಹಾಕಿದರೆ ಹಳೆಯ ತಿರಸ್ಕಾರ ಪ್ರಶ್ನೆಯಿಲ್ಲದೆ ಮುಚ್ಚಿಹೋಗುತ್ತದೆ.

ತುಂಗೆ ದಡ
ಈಗಷ್ಟೇ ಥ್ರೆಡ್ ನೋಡಿದೆ. ನಮ್ಮ ಚಿಕ್ಕಮ್ಮಂದು ವಿಧವಾ ವೇತನದ ಅರ್ಜಿ ಹೋದ ವಾರ ತಿರಸ್ಕಾರ ಆಗಿದೆ, ಕಾರಣ ಬರೆದಿಲ್ಲ. ಅದಕ್ಕೂ ಮೇಲ್ಮನವಿ ಆಗುತ್ತಾ ಸರ್?

ಗ್ರಾಮ ಒನ್ ಅಕ್ಕ
ಆಗುತ್ತೆ. ಅರ್ಜಿ ಹಾಕಿದಾಗ ಕೊಟ್ಟ ರಸೀದಿ, ತಿರಸ್ಕಾರದ ಪ್ರಿಂಟು, ಚಿಕ್ಕಪ್ಪ ಅವರ ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತೊಗೊಂಡು ಹತ್ತಿರದ ಗ್ರಾಮ ಒನ್‌ಗೆ ಚಿಕ್ಕಮ್ಮನ್ನ ಕರ್ಕೊಂಡು ಹೋಗಿ. ಮೊಬೈಲೂ ಜೊತೇಲಿ ಇರ್ಲಿ, ಓಟಿಪಿ ಬರುತ್ತೆ.